ಮಳೆಗಾಲಕ್ಕೆ ಮೊದಲು: ಸಣ್ಣ ಟಾರ್ಚಿಗೆ ಯಾವ ಸೆಲ್, ಯಾವ ಚಾರ್ಜರ್

ಕೊಡಗಿನ ತೋಟದ ಮನೆಗಳಲ್ಲಿ ‘ಬ್ಯಾಟರಿ ಹಿಡ್ಕೊಂಡು ಹೋಗು’ ಅಂದರೆ ಟಾರ್ಚ್ ತೆಗೆದುಕೊಂಡು ಹೋಗು ಎಂದೇ ಅರ್ಥ. ಒಳಗೆ ಹಾಕುವುದು ಸೆಲ್. ಇಲ್ಲೂ ಹಾಗೆಯೇ ಕರೆಯೋಣ. ಕಕ್ಕಡದ (ಜುಲೈ–ಆಗಸ್ಟ್) ಮಳೆಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಮರಳುವುದು ಮರುದಿನವೋ ಮೂರನೆಯ ದಿನವೋ. ಆ ರಾತ್ರಿ ಗೂಡಿನಿಂದ ತೆಗೆದ ಟಾರ್ಚ್ ಕೆಂಪಗೆ ಮಿಣುಕಿ ಆರಿದರೆ ತಪ್ಪು ಹೆಚ್ಚಿನ ಸಲ ಸೆಲ್ಲಿನದು: ಇಟ್ಟಲ್ಲೇ ಚಾರ್ಜ್ ಸೋರಿಸಿಕೊಳ್ಳುವ ಜಾತಿಯದು, ಅಥವಾ ಅಗ್ಗದ ಚಾರ್ಜರಿನಲ್ಲಿ ಬೆಂದು ಹೋದದ್ದು. ಆದ್ದರಿಂದ ಟಾರ್ಚಿಗೆ ಮೀಸಲಿಟ್ಟ ಹಣದಲ್ಲಿ ಚಾರ್ಜರಿನ ಪಾಲನ್ನು ಮೊದಲು ತೆಗೆದಿಡಿ. ಒಳ್ಳೆಯ ಚಾರ್ಜರ್ ಸಾಧಾರಣ ಸೆಲ್ಲನ್ನೂ ವರ್ಷಗಟ್ಟಲೆ ಬಾಳಿಸುತ್ತದೆ. ಕೆಟ್ಟ ಚಾರ್ಜರಿನ ಕೈಗೆ ಸಿಕ್ಕಿದರೆ ಎಂಥ ದುಬಾರಿ ಸೆಲ್ಲೂ ಒಂದೆರಡು ಮಳೆಗಾಲ ದಾಟುವುದಿಲ್ಲ.

ಮೊದಲು ಟಾರ್ಚಿನ ಹೊಟ್ಟೆ ನೋಡಿ

ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಎಂದು ಕೇಳುವುದು ಡಬಲ್ ಎ: 14 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ರಿಮೋಟಿಗೆ ಹಾಕುವ ಸಪೂರದ್ದು ಟ್ರಿಪಲ್ ಎ. ಹೆಬ್ಬೆರಳಿನಷ್ಟು ದಪ್ಪನೆಯದು 18650. ಆ ಹೆಸರೇ ಅದರ ಅಳತೆ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಮೊದಲ ಎರಡಕ್ಕೆ ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ (ಮುಂದೆ ಬರೀ ನಿಕಲ್) ಸೆಲ್ ಸಿಗುತ್ತದೆ; ಮೂರನೆಯದು ಲಿಥಿಯಂ ಅಯಾನ್.

ಯಾವುದು ಎಷ್ಟು ಹೊತ್ತು ಉರಿಯುತ್ತದೆ ಎಂದು ತಿಳಿಯಲು ಸೆಲ್ಲಿನ ಮೇಲೆ ಬರೆದ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಅದನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು, ಆಗ ಒಟ್ಟು ಶಕ್ತಿ ವ್ಯಾಟ್-ಅವರ್ ಲೆಕ್ಕದಲ್ಲಿ ಸಿಗುತ್ತದೆ. 2000 ಎಂಎಎಚ್ ಡಬಲ್ ಎ, 1.2 ವೋಲ್ಟ್: 2.4 ವ್ಯಾಟ್-ಅವರ್. 750ರ ಟ್ರಿಪಲ್ ಎ: 0.9. 3000ದ 18650, 3.6 ವೋಲ್ಟ್: 10.8. ಒಳ್ಳೆಯ ಎಲ್‌ಇಡಿ ಟಾರ್ಚ್ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ (ಬೆಳಕಿನ ಅಳತೆ) ಬೆಳಕು ಕೊಡುತ್ತದೆ ಎಂದು ಹಿಡಿಯಿರಿ. ಆಗ 100 ಲ್ಯೂಮೆನ್ ಬೆಳಕು ಟ್ರಿಪಲ್ ಎ ಒಂದರಲ್ಲಿ ಮುಕ್ಕಾಲು ಗಂಟೆಯ ಆಸುಪಾಸು, ಡಬಲ್ ಎಯಲ್ಲಿ ಎರಡು ಗಂಟೆಯ ಮೇಲೆ, 18650ಯಲ್ಲಿ ಹತ್ತು ಗಂಟೆ. ಮನೆಯಂಗಳದಿಂದ ಕಾರ್ಮಿಕರ ಲೈನ್ ಮನೆವರೆಗೆ ಕಾಲಬುಡ ನೋಡಿಕೊಂಡು ನಡೆಯಲು 30ರಿಂದ 50 ಲ್ಯೂಮೆನ್ ಸಾಕು. ಕಾಫಿ ಗಿಡಗಳ ಸಾಲಿನೊಳಗೆ ಆನೆ ನಿಂತಿದೆಯೇ ಎಂದು ದೂರದಿಂದಲೇ ನೋಡಬೇಕಾದವರಿಗೆ ಅದು ಸಾಲದು. ಅವರಿಗೆ 18650ಯೇ ಬೇಕು. ಮನೆಬಳಕೆಗೆ ನಮ್ಮ ಆಯ್ಕೆ ಡಬಲ್ ಎ. ಗಡಿಯಾರ, ರೇಡಿಯೊ, ಮಕ್ಕಳ ಆಟಿಕೆ, ಎಲ್ಲಕ್ಕೂ ಅದೇ ಆಗುತ್ತದೆ, ತೀರಾ ಅನಿವಾರ್ಯವಾದರೆ ಊರಿನ ಚಿಕ್ಕ ಅಂಗಡಿಯ ಮಾಮೂಲಿ ಸೆಲ್ ಹಾಕಿಯೂ ಒಂದು ರಾತ್ರಿ ದೂಡಬಹುದು.

ಡಬಲ್ ಎ ಕೊಳ್ಳುವಾಗ

‘1.5 ವೋಲ್ಟಿನ ಕಡೆ 1.2 ಹಾಕಿದರೆ ಬೆಳಕು ಮಂಕಾಗುವುದಿಲ್ಲವೇ?’ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಒಮ್ಮೆ ಬಳಸಿ ಎಸೆಯುವ ಆಲ್ಕಲೈನ್ ಸೆಲ್ 1.5ರಲ್ಲಿ ಶುರುವಾದರೂ ಕೆಲಸ ಮಾಡುತ್ತ ಬೇಗನೆ 1.2ಕ್ಕೆ ಇಳಿದು, ಇಳಿಯುತ್ತಲೇ ಹೋಗುತ್ತದೆ. ನಿಕಲ್ ಸೆಲ್ 1.2ರ ಹತ್ತಿರ ನಿಂತು ಕೊನೆಯವರೆಗೂ ಹೆಚ್ಚು ಕದಲುವುದಿಲ್ಲ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಹಾಗಾಗಿ ಒಂದೇ ಸೆಲ್ಲಿನ ಟಾರ್ಚಿನಲ್ಲಿ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇದ್ದೇ ಇರುತ್ತದೆ, ಅದಕ್ಕೆ 1.2 ಧಾರಾಳ. ಮೂರು ಟ್ರಿಪಲ್ ಎ ಹಾಕುವ, ಸರ್ಕ್ಯೂಟ್ ಇಲ್ಲದ ಅಗ್ಗದ ಟಾರ್ಚುಗಳಲ್ಲಿ ಮಾತ್ರ ಮೊದಲ ಬೆಳಕು ತುಸು ಕಡಿಮೆ ಅನ್ನಿಸಬಹುದು, ಆದರೆ ಸಮವಾಗಿ ಉರಿಯುತ್ತದೆ.

ನಿಜವಾಗಿ ನೋಡಬೇಕಾದದ್ದು ಸೋರಿಕೆ. ಹಳೆಯ ಮಾದರಿಯ ನಿಕಲ್ ಸೆಲ್ಲುಗಳು ಸುಮ್ಮನೆ ಇಟ್ಟರೂ ತಿಂಗಳಿಗೆ ಕಾಲು ಭಾಗದಷ್ಟು ಚಾರ್ಜ್ ಕಳೆದುಕೊಳ್ಳುತ್ತವೆ. ಮೇ ಕೊನೆಗೆ ತುಂಬಿಸಿಟ್ಟ ಸೆಲ್ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬರಿದಾಗಿರುವುದು ಇದರಿಂದಲೇ. ಸೋರಿಕೆ ಕಡಿಮೆ ಇರುವ ಸೆಲ್ಲುಗಳನ್ನು ಸ್ಯಾನ್ಯೊ ಕಂಪೆನಿ 2005ರಲ್ಲಿ ಎನೆಲೂಪ್ ಹೆಸರಿನಲ್ಲಿ ತಂದಿತು. ಈಗ ಅದು ಪ್ಯಾನಸಾನಿಕ್ ಕೈಯಲ್ಲಿದೆ, ಬೇರೆ ಕಂಪೆನಿಗಳೂ ಇಂಥವನ್ನು ಮಾಡುತ್ತವೆ. ಪೊಟ್ಟಣದ ಮೇಲೆ ‘ಪ್ರೀ-ಚಾರ್ಜ್ಡ್’, ‘ರೆಡಿ ಟು ಯೂಸ್’ ಎಂದಿದ್ದರೆ ಈ ಜಾತಿಯದೆಂದು ತಿಳಿಯಿರಿ. ವರ್ಷ ಕಳೆದರೂ ಹೆಚ್ಚಿನ ಪಾಲು ಚಾರ್ಜ್ ಉಳಿದಿರುತ್ತದೆ.

ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. 1900–2000 ಎಂಎಎಚ್‌ನ ಸಾಮಾನ್ಯ ಎನೆಲೂಪ್‌ಗೆ ಕಂಪೆನಿ ಹೇಳುವ ಆಯಸ್ಸು 2100 ಸಲದ ಚಾರ್ಜ್; 2500ರ ಪ್ರೊ ಮಾದರಿಗೆ 500. ಟಾರ್ಚಿಗೆ ಮೊದಲನೆಯದೇ ಒಳ್ಳೆಯದು. ಡಬಲ್ ಎ ಮೇಲೆ 3000 ದಾಟಿದ ಸಂಖ್ಯೆ ಕಂಡರೆ ಅದು ಸುಳ್ಳು, ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ. ಭಾರತದಲ್ಲಿ ಮಾರುವ ನಿಕಲ್ ಮತ್ತು ಲಿಥಿಯಂ ಸೆಲ್ಲುಗಳ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಮಾನಕದ ಸಂಖ್ಯೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಬಹುದು.

ಈಗೀಗ ಯುಎಸ್‌ಬಿ ತೂತು ಇರುವ, 1.5 ವೋಲ್ಟ್ ಎಂದು ಬರೆದ ಡಬಲ್ ಎ ಸೆಲ್ಲುಗಳೂ ಬಂದಿವೆ. ಒಳಗೆ ಲಿಥಿಯಂ ಸೆಲ್ ಮತ್ತು ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಇರುತ್ತದೆ. ಗಡಿಯಾರಕ್ಕೆ ಸರಿ, ಟಾರ್ಚಿಗೆ ಬೇಡ. ಕೊನೆಯವರೆಗೂ 1.5 ಕೊಟ್ಟು ಒಮ್ಮೆಲೇ ಕಡಿದುಕೊಳ್ಳುತ್ತವೆ. ಬೆಳಕು ಮಂಕಾಗಿ ಎಚ್ಚರಿಸುವುದೇ ಇಲ್ಲ. ಗದ್ದೆಯ ಬದುವಿನ ಮೇಲೆ ನಡುದಾರಿಯಲ್ಲಿ ಕತ್ತಲಾಗುವುದು ಯಾರಿಗೂ ಬೇಡ. ಇವನ್ನು ನಿಕಲ್ ಚಾರ್ಜರಿನಲ್ಲಿ ಹಾಕುವುದಂತೂ ಅಪಾಯ.

ಚಾರ್ಜರ್

ನಿಕಲ್ ಸೆಲ್ ತುಂಬಿದ ಕ್ಷಣದಲ್ಲಿ ಅದರ ವೋಲ್ಟೇಜ್ ಏರುವುದನ್ನು ನಿಲ್ಲಿಸಿ ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ, ಜತೆಗೆ ಬಿಸಿಯಾಗತೊಡಗುತ್ತದೆ. ಸ್ಮಾರ್ಟ್ ಚಾರ್ಜರ್ ಹುಡುಕುವುದು ಆ ಸಣ್ಣ ಇಳಿತವನ್ನೇ. ಮಾಮೂಲಿ ಚಾರ್ಜರಿಗೆ ಅದು ಕಾಣುವುದಿಲ್ಲ. ಗಂಟೆ ಲೆಕ್ಕದಲ್ಲಿ ತುಂಬುತ್ತದೆ, ಇಲ್ಲವೇ ನಾವು ಕಳಚುವ ತನಕ ತುಂಬುತ್ತಲೇ ಇರುತ್ತದೆ.

ಗಂಟೆ ಲೆಕ್ಕದ ಚಾರ್ಜರ್ ಕೊಡಗಿಗೆ ಏಕೆ ಆಗದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಎಂಟು ಗಂಟೆಯ ಟೈಮರ್ ಇರುವ ಚಾರ್ಜರಿನಲ್ಲಿ ಸೆಲ್ ಹಾಕಿದ್ದೀರಿ. ಆರು ಗಂಟೆ ಕಳೆದ ಮೇಲೆ ಕರೆಂಟು ಹೋಗಿ ಅರ್ಧ ಗಂಟೆಗೆ ಬಂತು. ಟೈಮರ್ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಸೆಲ್ಲಿಗೆ ಒಟ್ಟು ಹದಿನಾಲ್ಕು ಗಂಟೆ ತುಂಬಿದಂತಾಯಿತು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬಂದರೆ ಆ ಸೆಲ್ಲಿನ ಗತಿ ಏನಾಗಬೇಕು! ‘ಈ ಕಂಪೆನಿಯ ಸೆಲ್ ಆರೇ ತಿಂಗಳಿಗೆ ಹೋಯಿತು’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಇಳಿತ ಹುಡುಕುವ ಚಾರ್ಜರ್ ಕರೆಂಟು ಮರಳಿದಾಗ ಹೊಸದಾಗಿ ಅಳೆದು, ತುಂಬಿದ್ದರೆ ಬೇಗ ನಿಲ್ಲಿಸುತ್ತದೆ.

ಎರಡನೆಯದು, ಸೆಲ್ ಕೂರಿಸುವ ಪ್ರತಿ ಗೂಡಿಗೂ ಬೇರೆ ಬೇರೆ ಲೆಕ್ಕ ಇರಬೇಕು. ನಾಲ್ಕು ಗೂಡಿಗೆ ಎರಡೇ ದೀಪ ಇದ್ದರೆ, ‘ಎರಡು ಅಥವಾ ನಾಲ್ಕು ಸೆಲ್ ಮಾತ್ರ ಹಾಕಿ’ ಎಂದು ಬರೆದಿದ್ದರೆ, ಅದು ಜೋಡಿ ಚಾರ್ಜರ್. ಅದರಲ್ಲಿ ಅರ್ಧ ಖಾಲಿಯಾದ ಸೆಲ್ ಅತಿಯಾಗಿ ತುಂಬುತ್ತದೆ, ಪೂರ್ತಿ ಖಾಲಿಯಾದದ್ದು ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಒಂದೇ ಸೆಲ್ಲಿನ ಟಾರ್ಚ್ ಇದ್ದವರಿಗಂತೂ ಜೋಡಿ ಚಾರ್ಜರ್ ನಿರುಪಯೋಗ.

ಮೂರನೆಯದು ಕರೆಂಟಿನ ಪ್ರಮಾಣ. 2000 ಎಂಎಎಚ್ ಡಬಲ್ ಎಗೆ 500ರಿಂದ 1000 ಮಿಲಿಆಂಪಿಯರ್ ಹದವಾದದ್ದು. 500ರಲ್ಲಿ ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ಟ್ರಿಪಲ್ ಎಗೆ 300–400 ಸಾಕು, 1000 ಕೊಟ್ಟರೆ ಸುಡುವಷ್ಟು ಬಿಸಿಯಾಗುತ್ತದೆ. ಹಾಗೆಂದು ತೀರಾ ಕಡಿಮೆ ಮಾಡಿದರೂ ತೊಂದರೆ: 200 ಮಿಲಿಆಂಪಿಯರ್‌ನಲ್ಲಿ ವೋಲ್ಟೇಜ್ ಇಳಿತ ಗೊತ್ತೇ ಆಗದಷ್ಟು ಚಿಕ್ಕದು, ಚಾರ್ಜರ್ ಅದನ್ನು ತಪ್ಪಿಸಿಕೊಳ್ಳುತ್ತದೆ. ಹದಿನೈದು ನಿಮಿಷದಲ್ಲಿ ತುಂಬಿಸುತ್ತೇನೆ ಎನ್ನುವ ಚಾರ್ಜರುಗಳನ್ನು ದೂರವಿಡಿ. ಕೊನೆಯಲ್ಲಿ ಸೆಲ್ ಬೆಚ್ಚಗಾಗುವುದು ಸಹಜ. ಬೆರಳಿನಲ್ಲಿ ಹಿಡಿದಿರಲು ಆಗದಷ್ಟು ಕಾದರೆ ಅಲ್ಲಿ ಏನೋ ಕೆಟ್ಟಿದೆ.

ಇನ್ನು ವಿದ್ಯುತ್ ಎಲ್ಲಿಂದ? ಯುಎಸ್‌ಬಿಯಿಂದ, ಅಂದರೆ 5 ವೋಲ್ಟಿನಿಂದ ನಡೆಯುವ ಚಾರ್ಜರ್ ಆರಿಸಿ. ಕರೆಂಟು ಇಲ್ಲದಾಗ ಜೀಪಿನ 12 ವೋಲ್ಟ್ ಸಾಕೆಟ್ಟಿಗೆ ಮೊಬೈಲ್ ಅಡಾಪ್ಟರ್ ಸಿಕ್ಕಿಸಿಯೋ ಪವರ್ ಬ್ಯಾಂಕಿನಿಂದಲೋ ತುಂಬಿಸಬಹುದು. ಅಡಾಪ್ಟರ್ 5 ವೋಲ್ಟ್, 2 ಆಂಪಿಯರಿನದಾಗಿರಲಿ. ಕೆಲವು ಪವರ್ ಬ್ಯಾಂಕುಗಳು ಎಳೆತ ಕಡಿಮೆ ಇದ್ದರೆ ತಾವಾಗಿಯೇ ಆರಿಹೋಗುತ್ತವೆ. ಒಂದು ಟ್ರಿಪಲ್ ಎ ಮಾತ್ರ ಹಾಕಿದಾಗ ಹೀಗಾದರೆ ಇನ್ನೆರಡು ಸೆಲ್ ಜತೆಗೆ ಹಾಕಿ. ಕರೆಂಟು ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಬೀಳುವುದುಂಟು, ಆದ್ದರಿಂದ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ಗುಡುಗು ಶುರುವಾದರೆ ಗೋಡೆಯಿಂದ ಕಿತ್ತಿಡಿ.

18650 ಕೊಳ್ಳುವವರಿಗೆ

ಇಲ್ಲಿ ಅಗ್ಗಕ್ಕೆ ಹೋಗುವುದೆಂದರೆ ಬೆಂಕಿಯ ಜತೆ ಸರಸ. ನಂಬಬಹುದಾದ 18650 ಸೆಲ್ಲುಗಳು ಹೆಚ್ಚಾಗಿ 2500ರಿಂದ 3500 ಎಂಎಎಚ್ ಒಳಗಿನವು. 9900 ಎಂದು ಬರೆದದ್ದು ಶುದ್ಧ ಮೋಸ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೇ ಗುಟ್ಟು ಬಯಲಾಗುತ್ತದೆ: ಅಸಲಿಯದು 45 ಗ್ರಾಂ ಆಸುಪಾಸು ಇರುತ್ತದೆ, ನಕಲಿ ಅನೇಕ ಸಲ 35ನ್ನೂ ಮುಟ್ಟುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತು ಹೊಸ ಹೊದಿಕೆ ಹಾಕಿದ ಸೆಲ್ಲುಗಳೂ ಓಡಾಡುತ್ತವೆ.

ರಕ್ಷಣಾ ಸರ್ಕ್ಯೂಟ್ ಇರುವುದನ್ನೇ, ಅಂದರೆ ‘ಪ್ರೊಟೆಕ್ಟೆಡ್’ ಎಂದಿರುವುದನ್ನೇ ತನ್ನಿ. ಸರ್ಕ್ಯೂಟಿನಿಂದಾಗಿ ಸೆಲ್ 3ರಿಂದ 5 ಮಿ.ಮೀ. ಉದ್ದವಾಗುತ್ತದೆ, ಇಕ್ಕಟ್ಟಾದ ಟಾರ್ಚಿನೊಳಗೆ ಮುಚ್ಚಳ ಕೂರದೆ ಹೋಗಬಹುದು; ಕೊಳ್ಳುವ ಮೊದಲು ಅಳತೆ ನೋಡಿ. ತಲೆಯಲ್ಲಿ ಗುಂಡಿಯಂಥ ಉಬ್ಬು ಇರುವುದೇ ಚಪ್ಪಟೆಯದೇ ಎಂಬುದೂ ಮುಖ್ಯ, ಕೆಲವು ಟಾರ್ಚುಗಳಿಗೆ ಚಪ್ಪಟೆ ತಲೆ ತಾಗುವುದೇ ಇಲ್ಲ.

ಲಿಥಿಯಂ ಚಾರ್ಜರ್ 4.2 ವೋಲ್ಟಿನಲ್ಲಿ ಕರಾರುವಾಕ್ಕಾಗಿ ನಿಲ್ಲಬೇಕು. ಎರಡೂ ಜಾತಿಯ ಸೆಲ್ಲನ್ನು ತಾನೇ ಗುರುತಿಸುವ ನಾಲ್ಕು ಗೂಡಿನ ಚಾರ್ಜರ್ ಸಿಗುತ್ತದೆ. ಮನೆಯಲ್ಲಿ ಎರಡೂ ಇದ್ದರೆ ಅದೇ ಸರಿ. ಲಿಥಿಯಂಗೆ ಮಾತ್ರ ಎಂದಿರುವ ಚಾರ್ಜರಿನಲ್ಲಿ ನಿಕಲ್ ಸೆಲ್ ಹಾಕಿದರೆ ಅದು ಎಂದೂ 4.2 ತಲುಪದು, ಚಾರ್ಜರ್ ತುಂಬುತ್ತಲೇ ಇರುತ್ತದೆ, ಸೆಲ್ ಕಾದು ಒಡೆಯಬಹುದು.

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು 14500 ಎಂಬ ಲಿಥಿಯಂ ಸೆಲ್. ಇದು ಅಳತೆಯಲ್ಲಿ ಥೇಟ್ ಡಬಲ್ ಎ, ಆದರೆ ತುಂಬಿದಾಗ 4.2 ವೋಲ್ಟ್. ‘0.9–1.5 ವೋಲ್ಟ್’ ಎಂದಿರುವ ಟಾರ್ಚಿಗೆ ಹಾಕಿದರೆ ಸರ್ಕ್ಯೂಟ್ ಸುಟ್ಟುಹೋಗಬಹುದು. ಎರಡು ಸೆಲ್ಲಿನ ಟಾರ್ಚಿಗೆ ಎರಡು ಹಾಕಿದರೆ 8.4 ವೋಲ್ಟ್ ಹರಿಯುತ್ತದೆ. ಟಾರ್ಚಿನ ಕೈಪಿಡಿಯಲ್ಲಿ 4.2ರವರೆಗೂ ಆಗುತ್ತದೆ ಎಂದಿದ್ದರೆ ಮಾತ್ರ ತನ್ನಿ, ತಂದರೆ ಕೆಂಪು ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ.

ಚಾರ್ಜಿಗೆ ಹಾಕುವ ಜಾಗ ಸಿಮೆಂಟಿನ ನೆಲವೋ ಪಿಂಗಾಣಿ ತಟ್ಟೆಯೋ ಆಗಿರಲಿ. ಗೋಣಿಚೀಲ, ಒಣಗಿದ ಕರಿಮೆಣಸು, ಪರದೆ ಹತ್ತಿರ ಬೇಡ. ಎಲ್ಲರೂ ಮಲಗಿದ ಮೇಲೆ ಲಿಥಿಯಂ ಚಾರ್ಜಿಗಿಡಬೇಡಿ. ಹೊದಿಕೆ ಹರಿದ, ಉಬ್ಬಿದ, ಅಥವಾ 2 ವೋಲ್ಟಿಗಿಂತ ಕೆಳಗಿಳಿದ ಲಿಥಿಯಂ ಸೆಲ್ಲನ್ನು ಮತ್ತೆ ತುಂಬಿಸುವ ಪ್ರಯತ್ನ ಬೇಡವೇ ಬೇಡ. ಸೆಲ್ಲುಗಳನ್ನು ಕೀಲಿಕೈ, ಚಿಲ್ಲರೆ ಇರುವ ಜೇಬಿನಲ್ಲಿ ಹಾಕಿಕೊಳ್ಳಬಾರದು. ಪ್ಲಾಸ್ಟಿಕ್ ಡಬ್ಬಿ ಬೇಕು.

ಮೇ ತಿಂಗಳ ಕೊನೆಯ ವಾರ

ಒಂದು ಸಾಮಾನ್ಯ ಡಿಜಿಟಲ್ ಮೀಟರ್ ಇಟ್ಟುಕೊಳ್ಳಿ. ಎಲ್ಲ ಸೆಲ್ಲುಗಳನ್ನೂ ತುಂಬಿಸಿ, ಒಂದು ದಿನ ಬಿಟ್ಟು ಅಳೆಯಿರಿ. ನಿಕಲ್ ಸೆಲ್ 1.35ರ ಮೇಲೆ ನಿಂತರೆ ಗಟ್ಟಿ, 1.25ಕ್ಕೆ ಇಳಿದಿದ್ದರೆ ಸೋರುತ್ತಿದೆ, ಅದನ್ನು ಗೋಡೆ ಗಡಿಯಾರಕ್ಕೆ ಹಾಕಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಲ್ ಎರಡು ಮೂರು ಸಲ ತುಂಬಿ ಬಳಸಿದರೆ ಚೇತರಿಸಿಕೊಳ್ಳುವುದೂ ಉಂಟು. ಒಟ್ಟಿಗೆ ಕೊಂಡ ಸೆಲ್ಲುಗಳಿಗೆ ಮಾರ್ಕರಿನಿಂದ ಒಂದೇ ಗುರುತು ಹಾಕಿ, ಎರಡು ಮೂರು ಸೆಲ್ಲಿನ ಟಾರ್ಚಿನಲ್ಲಿ ಆ ಗುಂಪನ್ನೇ ಬಳಸಿ. ಹಳತು ಹೊಸತು ಬೆರೆಸಿದರೆ ಸೊರಗಿದ ಸೆಲ್ ಮೊದಲು ಬರಿದಾಗಿ, ಉಳಿದವು ಅದರ ಮೂಲಕ ಉಲ್ಟಾ ಕರೆಂಟು ನೂಕಿ ಕೊಂದುಬಿಡುತ್ತವೆ. ಟಾರ್ಚ್ ಮಂಕಾದ ಕೂಡಲೇ ಆರಿಸಿ ಸೆಲ್ ಬದಲಿಸುವುದೂ ಇದಕ್ಕಾಗಿಯೇ. ಬಿಡಿಯಾಗಿ ತಿಂಗಳುಗಟ್ಟಲೆ ಇಡುವ 18650 ಅರ್ಧ ತುಂಬಿರಲಿ, 3.7 ವೋಲ್ಟಿನ ಹತ್ತಿರ. ಮಳೆಗಾಲದ ಟಾರ್ಚಿನೊಳಗಿರುವುದು ಪೂರ್ತಿ ತುಂಬಿರಲಿ.

ತೇವ ಇಲ್ಲಿಯ ನಿತ್ಯದ ಶತ್ರು. ಸೆಲ್ಲುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಟ್ಟೆ ಒಣಗಿಸಿದ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿಡುವವರಿದ್ದಾರೆ. ಆ ಬಿಸಿಗೆ ಸೆಲ್ಲಿನ ಆಯಸ್ಸು ಕರಗುತ್ತದೆ. ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ನಮ್ಮ ಚಳಿಗೆ ಗಟ್ಟಿಯಾಗುತ್ತದೆ, ಬೇಡ. ಹಿಂದೆ ಹಾಕಿದ್ದ ಆಲ್ಕಲೈನ್ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದಿದ್ದರೆ ಬಿಳಿ ವಿನೆಗರನ್ನೋ ನಿಂಬೆರಸವನ್ನೋ ಹತ್ತಿಯಲ್ಲಿ ಅದ್ದಿ ಉಜ್ಜಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ನಮ್ಮ ಅಡುಗೆಯ ಕಾಚಂಪುಳಿ ಹುಳಿಯೇನೋ ಹೌದು, ಆದರೆ ಮಂದವಾದ್ದರಿಂದ ಅಂಟಿಕೊಂಡು ಉಳಿಯುತ್ತದೆ. ಗುಂಡಿ ಒತ್ತಿ ಹಚ್ಚುವ ಎಲೆಕ್ಟ್ರಾನಿಕ್ ಸ್ವಿಚ್ಚಿನ ಟಾರ್ಚುಗಳು ಆರಿಸಿದ್ದಾಗಲೂ ತುಸು ಕರೆಂಟು ಕುಡಿಯುತ್ತವೆ. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಟ್ಟರೆ ಹೆಚ್ಚಿನವುಗಳಲ್ಲಿ ಅದು ನಿಲ್ಲುತ್ತದೆ.

ಸತ್ತ ಸೆಲ್ಲುಗಳನ್ನು ಒಲೆಗೆ, ಗೊಬ್ಬರದ ಗುಂಡಿಗೆ, ಹೊಳೆಗೆ ಎಸೆಯಬೇಡಿ. ಎರಡೂ ತುದಿಗೆ ಟೇಪ್ ಹಚ್ಚಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಸೆಲ್ಲುಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮಡಿಕೇರಿಗೋ ಮೈಸೂರಿಗೋ ಹೋದಾಗ ಇ-ತ್ಯಾಜ್ಯ ಪಡೆಯುವಲ್ಲಿ ಡಬ್ಬಿಯನ್ನು ಕೊಟ್ಟು ಬನ್ನಿ.