ಇಡೀ ರಾತ್ರಿಯ ದೊಡ್ಡಾಟಕ್ಕೆ ಎಷ್ಟು ಜಿಬಿ ಕಾರ್ಡ್ ಬೇಕು?

ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ, ಜಾತ್ರೆ ಹೊತ್ತಿಗೆ ದೊಡ್ಡಾಟ, ಅಂದರೆ ಹಾಡು ಕುಣಿತಗಳ ಬಯಲು ನಾಟಕ, ಆಡುತ್ತಾರೆ. ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯುವುದು ಬೆಳಗಿನ ಆರಕ್ಕೆ. ಈಗ ಊರಿನ ಹುಡುಗರೇ ಕ್ಯಾಮೆರಾ ಇಟ್ಟು ರೆಕಾರ್ಡ್ ಮಾಡುತ್ತಾರೆ, ಇದು ಬಹಳ ಒಳ್ಳೆಯ ಕೆಲಸ. ಆದರೆ ಇಂಥ ಎಷ್ಟೋ ರೆಕಾರ್ಡಿಂಗುಗಳಲ್ಲಿ ಗಣಪತಿ ಸ್ತುತಿ ಇರುತ್ತದೆ, ಸಾರಥಿಯ ಮಾತು ಇರುತ್ತದೆ, ಕೊನೆಯ ಯುದ್ಧವೇ ಇರುವುದಿಲ್ಲ. ಕಾರ್ಡ್ ತುಂಬಿ ಹೋಗಿರುತ್ತದೆ. ಆಟದ ಪದಗಳನ್ನು, ಅಂದರೆ ಹಾಡುಗಳನ್ನು, ಬಾಯಿಪಾಠ ಹೇಳುವ ಹಿರಿಯರು ಮುಂದಿನ ವರ್ಷವೂ ಹಾಡಲು ಬರುತ್ತಾರೆ ಅಂತ ಯಾರು ಹೇಳಬಲ್ಲರು? ಹಾಗಾಗಿ ಹೊರಡುವ ಮುಂಚೆ ಐದು ನಿಮಿಷ ಕೂತು ಲೆಕ್ಕ ಹಾಕಿ.

ಮೊದಲು ನಿಮ್ಮ ಕ್ಯಾಮೆರಾದ ಬಿಟ್‌ರೇಟ್ ಎಷ್ಟು ಅಂತ ನೋಡಿ. ಎಚ್‌ಡಿ, 4ಕೆ ಅನ್ನುವುದು ಚಿತ್ರ ಎಷ್ಟು ದೊಡ್ಡದು ಅಂತ ಮಾತ್ರ ಹೇಳುತ್ತದೆ. ಕಾರ್ಡಿನಲ್ಲಿ ಎಷ್ಟು ಜಾಗ ಹೋಗುತ್ತದೆ ಅನ್ನುವುದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರೆಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಕ್ಯಾಮೆರಾದ ಮೆನುವಿನಲ್ಲಿ ರೆಕಾರ್ಡಿಂಗ್ ಕ್ವಾಲಿಟಿ ಅನ್ನುವ ಕಡೆ 24, 50, 100 ಹೀಗೆ ಅಂಕಿ ಇರುತ್ತದೆ, ಅದೇ ಇದು. ಮೆಗಾಬಿಟ್ ಬೇರೆ, ಮೆಗಾಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಈ ಎಂಟರ ಹತ್ತಿರವೇ ಜಾಸ್ತಿ ಜನರ ಲೆಕ್ಕ ತಪ್ಪುವುದು.

ಇನ್ನು ಸೂತ್ರ. ಬಿಟ್‌ರೇಟನ್ನು 0.45ರಿಂದ ಗುಣಿಸಿ, ಒಂದು ಗಂಟೆಗೆ ಎಷ್ಟು ಜಿಬಿ ಅಂತ ಸಿಗುತ್ತದೆ. ಗಂಟೆಗೆ 3600 ಸೆಕೆಂಡು, ಅದನ್ನು ಎಂಟರಿಂದ ಭಾಗಿಸಿ, ಮೆಗಾಬೈಟನ್ನು ಜಿಬಿ ಮಾಡಲು ಮತ್ತೆ ಸಾವಿರದಿಂದ ಭಾಗಿಸಿದರೆ 0.45 ಬರುತ್ತದೆ, ಅಷ್ಟೇ. 24 ಇದ್ದರೆ ಗಂಟೆಗೆ 10.8 ಜಿಬಿ. 50 ಇದ್ದರೆ 22.5. 4ಕೆಯಲ್ಲಿ 100 ಇದ್ದರೆ 45 ಜಿಬಿ. ಈಗ ಎಂಟು ಗಂಟೆಯ ಆಟಕ್ಕೆ ಎಂಟರಿಂದ ಗುಣಿಸಿ: 24ಕ್ಕೆ ಸುಮಾರು 86 ಜಿಬಿ, 50ಕ್ಕೆ 180, 100ಕ್ಕೆ 360. ಅಂದರೆ 128, 256, 512 ಜಿಬಿ ಕಾರ್ಡುಗಳು ಬೇಕು. ಧ್ವನಿಯನ್ನು ಒತ್ತಿ ಚಿಕ್ಕದು ಮಾಡದೆ ಹಾಗೇ ಬರೆಯುವ ಕ್ಯಾಮೆರಾ ಆದರೆ ಅದಕ್ಕೆ ಗಂಟೆಗೆ 0.7 ಜಿಬಿ ಬೇರೆ ಸೇರಿಸಿಕೊಳ್ಳಿ.

ಮೊಬೈಲಿನಲ್ಲಿ ಬಿಟ್‌ರೇಟ್ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಮಾತ್ರ ನಿಮಿಷಕ್ಕೆ ಎಷ್ಟು ಅಂತ ಬರೆದಿರುತ್ತದೆ: ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ಎಚ್‌ಇವಿಸಿ ವಿಧಾನದಲ್ಲಿ 1080ಪಿ (ಎಚ್‌ಡಿ), ಸೆಕೆಂಡಿಗೆ 30 ಫ್ರೇಮ್ ಇದ್ದರೆ ಸುಮಾರು 60 ಎಂಬಿ, 4ಕೆಗೆ ಸುಮಾರು 170. ಹಳೆಯ ಎಚ್.264ರಲ್ಲಿ ಇದೇ ಅಂಕಿಗಳು ಸುಮಾರು 130 ಮತ್ತು 350 ಆಗುತ್ತವೆ. ಚಿತ್ರ ಅದೇ, ಜಾಗ ದುಪ್ಪಟ್ಟು! ಬೇರೆ ಫೋನ್ ಇದ್ದರೆ ಒಂದು ನಿಮಿಷ ರೆಕಾರ್ಡ್ ಮಾಡಿ, ಫೈಲ್ ಎಷ್ಟು ಎಂಬಿ ಆಯಿತು ನೋಡಿ, 60ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, ಗಂಟೆಗೆ ಎಷ್ಟು ಜಿಬಿ ಅಂತ ಸಿಗುತ್ತದೆ.

ಈ ಒಂದು ನಿಮಿಷವನ್ನು ಎಲ್ಲಿ ತೆಗೆಯುತ್ತೀರಿ ಅನ್ನುವುದು ಬಹಳ ಮುಖ್ಯ. ಮಧ್ಯಾಹ್ನ ಮನೆಯ ಗೋಡೆಗೆ ಹಿಡಿದು ತೆಗೆದರೆ ಸುಳ್ಳು ಲೆಕ್ಕ ಬರುತ್ತದೆ. ಫೋನು ಪ್ರತಿ ಫ್ರೇಮಿನಲ್ಲಿ ಬದಲಾದ ಭಾಗವನ್ನೇ ಹೆಚ್ಚಾಗಿ ಬರೆಯುತ್ತದೆ. ಗೋಡೆ ಅಲುಗಾಡುವುದಿಲ್ಲ, ಬರೆಯಲು ಏನೂ ಇಲ್ಲ, ಫೈಲ್ ಸಣ್ಣದಾಗುತ್ತದೆ. ಆಟದಲ್ಲಿ ಕಿರೀಟ, ಭುಜಕೀರ್ತಿಗಳು ಮಿಂಚುತ್ತಿರುತ್ತವೆ, ಕುಣಿತ ಇರುತ್ತದೆ, ಮೇಲಾಗಿ ಬೆಳಕು ಕಡಿಮೆ ಇದ್ದಾಗ ಚಿತ್ರದ ತುಂಬ ಸಣ್ಣ ಕಾಳುಗಳ ಹಾಗೆ ಚುಕ್ಕೆ ಏಳುತ್ತವೆ, ಆ ಚುಕ್ಕೆಗಳೂ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಫೋನು ಅವನ್ನೂ ಬರೆಯುತ್ತಾ ಹೋಗುತ್ತದೆ. ಆದ್ದರಿಂದ ತಾಲೀಮಿನ ದಿನ ರಾತ್ರಿ ಹೋಗಿ, ಅದೇ ದೀಪದಲ್ಲಿ, ಕುಣಿಯುವಾಗ ಒಂದು ನಿಮಿಷ ತೆಗೆದು ನೋಡಿ. ಬಿಟ್‌ರೇಟ್ ಬದಲಾಗದ ಹಾಗೆ ಇಟ್ಟ ಕ್ಯಾಮೆರಾಕ್ಕೆ ಈ ತೊಂದರೆ ಇಲ್ಲ.

ಹೊಸ 64 ಜಿಬಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ 59.6 ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂತ ಹುಬ್ಬಳ್ಳಿಗೆ ವಾಪಸ್ ಬಸ್ ಹತ್ತಬೇಡಿ. ಕಾರ್ಡ್ ಮಾಡುವವರು ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದಕ್ಕೇ 1 ಟಿಬಿ ಡಿಸ್ಕ್ 931 ಅಂತ ಕಾಣುವುದು. ನಮ್ಮ ಸೂತ್ರವೂ ಸಾವಿರದ್ದೇ ಆದ್ದರಿಂದ ಕಾರ್ಡಿನ ಮೇಲೆ ಬರೆದ ಅಂಕಿಯನ್ನೇ ಹಿಡಿಯಿರಿ, ಅದರಲ್ಲಿ ನೂರಕ್ಕೆ ಹತ್ತು ಬಿಟ್ಟುಬಿಡಿ. ಕೈಯಲ್ಲಿ 128ರ ಕಾರ್ಡ್ ಇದೆ, ಬಿಟ್‌ರೇಟ್ 50 ಅಂದುಕೊಳ್ಳಿ. 115ನ್ನು 22.5ರಿಂದ ಭಾಗಿಸಿದರೆ ಐದು ಗಂಟೆ ಚಿಲ್ಲರೆ. ರಾತ್ರಿ ಹತ್ತಕ್ಕೆ ಹಚ್ಚಿದ ಕ್ಯಾಮೆರಾ ಮೂರರ ಹೊತ್ತಿಗೆ ನಿಲ್ಲುತ್ತದೆ ಅಂತ ಅರ್ಥ. ಎರಡನೇ ಕಾರ್ಡ್ ಜೇಬಿನಲ್ಲಿರಲಿ, ಮತ್ತೆ ಅದನ್ನು ಬದಲಿಸುವುದನ್ನು ಯುದ್ಧದ ನಡುವೆ ಇಟ್ಟುಕೊಳ್ಳಬೇಡಿ, ಎರಡೂವರೆ ಸುಮಾರಿಗೆ ಒಂದು ಪ್ರವೇಶ ಮುಗಿದಾಗ ಬದಲಿಸಿ.

ಕಾರ್ಡಿನ ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿ30 ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್, ಅಂದರೆ 240 ಮೆಗಾಬಿಟ್ ಬರೆಯುತ್ತದೆ, 100ಕ್ಕೆ ಧಾರಾಳ. ಆದರೆ ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ಕೊನೆಯ ವಿಡಿಯೋ ಓಡುತ್ತದಾ ನೋಡಿ. ನಕಲಿ ಕಾರ್ಡುಗಳು ಮೇಲೆ 256 ಅಂತ ಬರೆದುಕೊಂಡು ಒಳಗೆ ಅದರ ಕಾಲುಭಾಗವೂ ಇಲ್ಲದೆ ಇರಬಹುದು.

ಬೆಳಿಗ್ಗೆ ಮನೆಗೆ ಬಂದು ಮಲಗುವ ಮುಂಚೆ ಕಾಪಿಗೆ ಹಚ್ಚಿ. 180 ಜಿಬಿಯನ್ನು ಸೆಕೆಂಡಿಗೆ 100 ಮೆಗಾಬೈಟ್ ಓಡುವ ರೀಡರ್ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ, 30 ಓಡುವ ಹಳೆಯದಕ್ಕೆ ಒಂದು ಗಂಟೆ ನಲವತ್ತು ನಿಮಿಷ ಬೇಕು. ಪೆನ್‌ಡ್ರೈವಿಗೆ ಹಾಕುವಾಗ ಜಾಗ ಇದ್ದರೂ ಫೈಲ್ ದೊಡ್ಡದು ಅಂತ ತಕರಾರು ಬಂದರೆ, ಅದು ಫ್ಯಾಟ್32 ಅನ್ನುವ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, 50ರ ಬಿಟ್‌ರೇಟಿಗೆ ಅದು ಬರೀ ಹನ್ನೊಂದು ನಿಮಿಷ. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಹಾಗೆ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. 1 ಟಿಬಿ ಡಿಸ್ಕಿನಲ್ಲಿ ಇಂಥ ಐದು ರಾತ್ರಿ ಹಿಡಿಸುತ್ತವೆ. ಡಿಸ್ಕ್ ಎರಡು ತೊಗೊಳ್ಳಿ, ಎರಡರಲ್ಲೂ ಅದೇ ಐದು ರಾತ್ರಿ ಹಾಕಿ, ಒಂದನ್ನು ಮೇಳದ ಮಾಸ್ತರರ ಮನೆಯಲ್ಲಿ ಕೊಟ್ಟಿಡಿ. ಎರಡೂ ಕಡೆ ಓಡಿಸಿ ನೋಡಿದ ಮೇಲೆಯೇ ಕಾರ್ಡ್ ಖಾಲಿ ಮಾಡಿ.