ಮೂಳೆ ಕೂಡಿತು, ನೋವು ಉಳಿಯಿತು: ಸಿಆರ್‌ಪಿಎಸ್ ಜೊತೆ ನನ್ನ ಅನುಭವ

ಪ್ಲಾಸ್ಟರ್ ತೆಗೆದ ಮೇಲೆ ನೋವು ಇಳಿಯಬೇಕಲ್ವಾ? ನನಗೆ ಏರಿತು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸಣ್ಣ ಹೋಟೆಲಿನ ಒದ್ದೆ ನೆಲದಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಕೈ ಊದಿ ಕೆಂಪು-ನೇರಳೆಯಾಗಿತ್ತು, ಚರ್ಮ ಮಿರಮಿರ ಅನ್ನುತ್ತಿತ್ತು. ಒಮ್ಮೆ ಬಿಸಿ, ಇನ್ನೊಮ್ಮೆ ತಣ್ಣಗೆ. ಬೆವರುವುದೂ ಆ ಒಂದೇ ಅಂಗೈ. ಗಲ್ಲಾದಲ್ಲಿ ಕೂತರೆ ಫ್ಯಾನಿನ ಗಾಳಿ ತಗುಲಿದರೂ ಉರಿ.

"ಶೆಟ್ರೇ, ಮೂಳೆ ಸರಿಯಾಗಿದೆಯಂತಲ್ಲ, ಇನ್ನೂ ಯಾಕೆ ಕೈ ಎದೆಗೆ ಹಿಡ್ಕೊಂಡು ಓಡಾಡ್ತೀರಿ?" ಅಂತ ಅಡುಗೆ ಭಟ್ರು ಕೇಳಿದರು. ತಪ್ಪಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಕೊನೆಗೆ ನೋವಿನ ಚಿಕಿತ್ಸೆಯ ಡಾಕ್ಟರೊಬ್ಬರು ಹೆಸರು ಹೇಳಿದರು: ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಚಿಕ್ಕದಾಗಿ ಸಿಆರ್‌ಪಿಎಸ್. ಅಂದರೆ ಪೆಟ್ಟಾದ ಮೇಲೆ ಕೈಯಲ್ಲೋ ಕಾಲಲ್ಲೋ ಪೆಟ್ಟಿನ ಲೆಕ್ಕ ಮೀರಿ ಉಳಿದುಬಿಡುವ ನೋವಿನ ಕಾಯಿಲೆ. ಈ ಹೆಸರು ಬಂದದ್ದು 1994ರಲ್ಲಿ. ಕಾಯಿಲೆ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲೇ ವೈರ್ ಮಿಚೆಲ್ ಎಂಬ ವೈದ್ಯರು ಇಂಥ ಉರಿನೋವನ್ನು ಕಂಡಿದ್ದರು. ನರಕ್ಕೆ ಪೆಟ್ಟಾಗಿದ್ದು ಖಚಿತವಾದರೆ ಟೈಪ್ 2, ಇಲ್ಲದಿದ್ದರೆ ಟೈಪ್ 1. ನನ್ನದು ಟೈಪ್ 1.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಬುಡಾಪೆಸ್ಟ್ ಮಾನದಂಡ ಅಂತ ಒಂದಿದೆ. ಆದ ಪೆಟ್ಟನ್ನು ಮೀರಿದ ನೋವು, ಮುಟ್ಟಿದರೆ ಅತಿಯಾದ ಸಂವೇದನೆ, ಬಣ್ಣ-ಬಿಸಿಯ ವ್ಯತ್ಯಾಸ, ಬೆವರು-ಊತ, ಚಲನೆ ಕುಗ್ಗುವುದು, ಉಗುರು-ಕೂದಲಿನ ಬದಲಾವಣೆ ಎಲ್ಲ ನೋಡಿ, ಬೇರೆ ಕಾಯಿಲೆಯಲ್ಲ ಅಂತ ಖಾತ್ರಿ ಮಾಡಿಕೊಂಡು ನಿರ್ಧರಿಸುತ್ತಾರೆ. ನಾನು ಅರ್ಥಮಾಡಿಕೊಂಡದ್ದು ಹೀಗೆ: ಗ್ಯಾಸ್ ಆರಿಸಿದ ಮೇಲೂ ಕಾವಲಿ ದೋಸೆ ಸೀಯಿಸುತ್ತದಲ್ಲ, ಹಾಗೆ ಗಾಯ ಮಾಗಿದರೂ ನರಗಳ ಕಾವು ಇಳಿದಿಲ್ಲ. ನೋವು ಸುಳ್ಳಲ್ಲ. ಆದರೆ ಪ್ರತಿ ನೋವೂ ಹೊಸ ಪೆಟ್ಟಲ್ಲ. ಇದು ತಲೆಗೆ ಹೋದ ಮೇಲೆಯೇ ಕೈ ಅಲ್ಲಾಡಿಸಲು ಧೈರ್ಯ ಬಂತು.

ಮಾತ್ರೆ ಕೊಟ್ಟರು, ನಿದ್ದೆ ಬಂತು. ನಿಜವಾದ ಕೆಲಸ ಆದದ್ದು ಥಾಣೆಯ ಫಿಸಿಯೋಥೆರಪಿಯಲ್ಲಿ, ಆಮೇಲೆ ಮನೆಯಲ್ಲಿ. ಮಧ್ಯಾಹ್ನದ ಸ್ಲೋ ಲೋಕಲ್ ರೈಲು ಹಿಡಿಯುತ್ತಿದ್ದೆ. ಬೆಳಗಿನ ಫಾಸ್ಟ್ ಗಾಡಿಯಲ್ಲಿ ಯಾರದೋ ಬ್ಯಾಗ್ ತಗುಲಿದರೆ ಆ ದಿನ ಮುಗಿಯಿತು.

ಮೊದಲು ಕೈಗೆ ಸ್ಪರ್ಶ ಅಭ್ಯಾಸ ಮಾಡಿಸಬೇಕು. ಹತ್ತಿಯಿಂದ ಸವರುವುದು, ಆಮೇಲೆ ಹೆಂಡತಿಯ ಹಳೆಯ ನೂಲಿನ ಸೀರೆ, ಆಮೇಲೆ ಟವೆಲ್. ಹೋಟೆಲಿನಲ್ಲಿ ಸಾಮಾನಿಗೇನು ಕಮ್ಮಿ? ರವೆಯ ಡಬ್ಬಿಯಲ್ಲಿ ಕೈ ಮುಳುಗಿಸಿದೆ, ಬಳಿಕ ಉದ್ದಿನಬೇಳೆ, ಕೊನೆಗೆ ಕುಚ್ಚಲಕ್ಕಿ. (ಆ ಡಬ್ಬಿಗಳು ಅಡುಗೆಗೆ ಹೋಗಲಿಲ್ಲ, ಹೆದರಬೇಡಿ.) ಐಸ್ ಬೇಡ ಅಂದರು. ಊರಿಂದ ಬಂದ ಅತ್ತಿಗೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಲು ಹೊರಟಾಗ ಅವರನ್ನೂ ತಡೆದೆ.

ಇನ್ನೊಂದು ವಿಚಿತ್ರ ಪಾಠ. ಕೈಗಳ ಫೋಟೋ ನೋಡಿ ಎಡವೋ ಬಲವೋ ಥಟ್ಟನೆ ಹೇಳಬೇಕು. ನೋವಿರುವ ಕಡೆಯ ಕೈಯಾದರೆ ಮಿದುಳು ತಡವರಿಸುತ್ತದೆ. ಹೋಟೆಲಿನ ಹುಡುಗರು ಲೋಟ, ಸೌಟು, ತಟ್ಟೆ ಹಿಡಿದ ತಮ್ಮ ಕೈಗಳ ಫೋಟೋ ತೆಗೆದು ಮೊಬೈಲಿಗೆ ಹಾಕಿಕೊಟ್ಟರು. ಅದಾದ ಮೇಲೆ ಕೈ ಆಡಿಸುವುದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವುದು. ಆಮೇಲೆ ಕನ್ನಡಿ.

ಕನ್ನಡಿಯ ಉಪಾಯವನ್ನು 1990ರ ದಶಕದಲ್ಲಿ ಮಿದುಳು ವಿಜ್ಞಾನಿ ವಿ. ಎಸ್. ರಾಮಚಂದ್ರನ್, ಕೈ ಕಳೆದುಕೊಂಡವರಿಗೆ ಆ ಇಲ್ಲದ ಕೈಯಲ್ಲೇ ಆಗುವ ನೋವಿಗೆ ಬಳಸಿದ್ದರು. ಗಡ್ಡ ಬೋಳಿಸುವ ಕನ್ನಡಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಬಲಗೈಯನ್ನು ಅದರ ಹಿಂದೆ ಮರೆಮಾಡಿದೆ. ಉಂಗುರ, ವಾಚು ಎರಡೂ ಬಿಚ್ಚಬೇಕು, ಇಲ್ಲದಿದ್ದರೆ ಬಿಂಬ ನಿಮ್ಮದೇ ಕೈ ಅನ್ನಿಸುವುದಿಲ್ಲ. ಎಡಗೈ ಬೆರಳು ಮಡಚಿದರೆ ಕನ್ನಡಿಯಲ್ಲಿ ಬಲಗೈ ಆರಾಮಾಗಿ ಮಡಚಿದಂತೆ ಕಾಣುತ್ತದೆ. ಮೊದಮೊದಲು ಅದನ್ನು ನೋಡಿದರೇ ನೋವಾಗುತ್ತಿತ್ತು, ನಿಲ್ಲಿಸುತ್ತಿದ್ದೆ. "ಹಳೂ ಹಳೂ, ಕಾಕಾ" (ನಿಧಾನ, ನಿಧಾನ) ಅಂತ ಮರಾಠಿಯಲ್ಲಿ ಅನ್ನುತ್ತಿದ್ದರು ಫಿಸಿಯೋ. ಒಂದೇ ಸಲ ಜಾಸ್ತಿ ಮಾಡುವ ಬದಲು ದಿನವಿಡೀ ಸ್ವಲ್ಪ ಸ್ವಲ್ಪ. ಚೆನ್ನಾಗಿದೆ ಅನ್ನಿಸಿದ ದಿನವೂ ಅಷ್ಟೇ.

ಈಗ ಬಿಲ್ ಬರೆಯುತ್ತೇನೆ, ಸೌಟು ಹಿಡಿಯುತ್ತೇನೆ. ಹಿಟ್ಟಿನ ಪಾತ್ರೆ ಎತ್ತುವುದಿಲ್ಲ. ಬಹಳ ಮಂದಿಗೆ ಮೊದಲ ವರ್ಷದಲ್ಲೇ ಸಾಕಷ್ಟು ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ನಿಮಗೂ ಹೀಗೇ ಆಗುತ್ತಿದ್ದರೆ, ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಬಣ್ಣ, ಊತ ಬಂದು ಹೋಗುತ್ತಿರುತ್ತವೆ. ಡಾಕ್ಟರ ಮುಂದೆ ಕೂತ ದಿನವೇ ಕೈ ಸುಮ್ನೆ ಮಾಮೂಲಿಯಂತೆ ಕಾಣಬಹುದು.