ಒಂದೇ ಪೋರ್ಟಿನಲ್ಲಿ ಮೂರು ಆಪ್ ನಡೆಸಿದ್ದು: ನನ್ನ ಅನುಭವ

ತಿಪಟೂರಿನಲ್ಲಿ ನಮ್ಮ ಭಾವನವರ ಹಾರ್ಡ್‌ವೇರ್ ಅಂಗಡಿ ಇದೆ. ಅವರಿಗೆ ಮೂರು ಆಪ್ ಬರೆದುಕೊಟ್ಟಿದ್ದೆ. ಗಿರಾಕಿಗಳು ರೇಟು ನೋಡುವ ವೆಬ್‌ಸೈಟ್ ನೋಡ್ (Node.js) ಅನ್ನುವ ಸಾಫ್ಟ್‌ವೇರ್‌ನಲ್ಲಿ, ಪೋರ್ಟ್ 3000 (ಪೋರ್ಟ್ ಅಂದರೆ ಸರ್ವರ್‌ಗೆ ಇರುವ ನಂಬರ್ ಹಾಕಿದ ಬಾಗಿಲು). ಸ್ಟಾಕ್ ಲೆಕ್ಕ ಜ್ಯಾಂಗೋ (Django) ಅನ್ನುವ ಪೈಥಾನ್ ಫ್ರೇಮ್‌ವರ್ಕ್‌ನಲ್ಲಿ, 8000. ಚಾಟ್ 5000ದಲ್ಲಿ. ಮೂರೂ 1 ಜಿಬಿ ರ್ಯಾಮ್‌ನ ಒಂದೇ ಸಣ್ಣ ಸರ್ವರ್ ಮೇಲೆ. ವಿಳಾಸದ ಕೊನೆಗೆ ಕೋಲನ್ ಹಾಕಿ ನಂಬರ್ ಹೊಡೀರಿ ಅಂತ ಎಲ್ಲರಿಗೂ ಹೇಳಿಕೊಟ್ಟಿದ್ದೆ.

ಒಂದು ದಿನ ಭಾವ ಫೋನ್ ಮಾಡಿದರು. "ನೋಡಪ್ಪಾ, ನಮ್ಮ ಕಂಟ್ರಾಕ್ಟರ್ ಒಬ್ಬರಿಗೆ ಮನೇಲಿ ಮೊಬೈಲಲ್ಲಿ ರೇಟು ಕಾಣುತ್ತಂತೆ, ಆಫೀಸಿನಲ್ಲಿ ಪೇಜೇ ಬರಲ್ವಂತೆ." ಕಾರಣ ಆಮೇಲೆ ಗೊತ್ತಾಯಿತು. ಅವರ ಆಫೀಸಿನ ಫೈರ್‌ವಾಲ್ ಮಾಮೂಲಿ ವೆಬ್‌ಸೈಟ್‌ಗಳ ಪೋರ್ಟ್‌ಗಳಾದ 80 (ಎಚ್‌ಟಿಟಿಪಿ) ಮತ್ತು 443 (ಅದರ ಭದ್ರ ರೂಪ ಎಚ್‌ಟಿಟಿಪಿಎಸ್) ಬಿಟ್ಟು ಬೇರೆ ಪೋರ್ಟಿಗೆ ಹೊರಗೆ ಹೋಗಲು ಬಿಡುತ್ತಿರಲಿಲ್ಲ. ಹಾಗೆ ಮಾಡುವ ಆಫೀಸುಗಳು ಬೇಕಾದಷ್ಟಿವೆ.

ಮೂರನ್ನೂ 443ರಲ್ಲೇ ನಡೆಸೋಣ ಅಂದರೆ ನೇರವಾಗಿ ಆಗಲ್ಲ. ಒಂದು ಐಪಿಯ (ಸರ್ವರ್‌ನ ನಂಬರ್ ವಿಳಾಸ) ಒಂದು ಪೋರ್ಟನ್ನು ಒಂದು ಪ್ರೋಗ್ರಾಂ ಹಿಡಿದುಕೊಂಡರೆ, ಎರಡನೆಯದು 'ಅಡ್ರೆಸ್ ಆಲ್ರೆಡಿ ಇನ್ ಯೂಸ್' (ಈ ವಿಳಾಸ ಆಗಲೇ ಬಳಕೆಯಲ್ಲಿದೆ) ಅಂತ ಹೇಳಿ ಶುರುವೇ ಆಗಲ್ಲ. ಹಾಗಾಗಿ ಮುಂದೆ ಒಬ್ಬರು ನಿಂತು, ಬಂದ ರಿಕ್ವೆಸ್ಟ್ ಯಾರಿಗೆ ಅಂತ ನೋಡಿ ಒಳಗೆ ಕಳಿಸಬೇಕು. ಆ ಕೆಲಸಕ್ಕೆ ಎಂಜಿನ್‌ಎಕ್ಸ್ (nginx) ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಹಾಕಿದೆ, ಯಾಕಂದ್ರೆ ಅದಕ್ಕೆ ರ್ಯಾಮ್ ತುಂಬಾ ಕಡಿಮೆ ಸಾಕು.

ಮೊದಲು ನಾನು ಪಾತ್ (ವಿಳಾಸದಲ್ಲಿ ಡೊಮೇನ್ ಹೆಸರಿನ ನಂತರ ಬರುವ ಭಾಗ) ನೋಡಿ ಬೇರೆ ಮಾಡಲು ಹೋದೆ. ಡೊಮೇನ್ ಒಂದೇ, '/ಸ್ಟಾಕ್/' ಅಂತ ಬಂದರೆ 8000ಕ್ಕೆ ಕಳಿಸು, ಅಷ್ಟೇ ಅಲ್ವಾ ಅಂದುಕೊಂಡೆ. ಎರಡು ದಿನ ಅದರಲ್ಲೇ ಹೋಯಿತು. ಪ್ರಾಕ್ಸಿ ಪಾಸ್ (ರಿಕ್ವೆಸ್ಟನ್ನು ಒಳಗೆ ಎಲ್ಲಿಗೆ ಕಳಿಸಬೇಕು ಅಂತ ಎಂಜಿನ್‌ಎಕ್ಸ್‌ಗೆ ಹೇಳುವ ಸಾಲು) ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಇದ್ದರೆ ಎಂಜಿನ್‌ಎಕ್ಸ್ ಆ '/ಸ್ಟಾಕ್/' ಭಾಗವನ್ನು ತೆಗೆದು ಒಳಗೆ ಕಳಿಸುತ್ತೆ, ಇಲ್ಲದಿದ್ದರೆ ಇದ್ದ ಹಾಗೇ ಕಳಿಸುತ್ತೆ, ಒಂದೇ ಒಂದು ಗೀಟಿಗೆ ಇಷ್ಟು ವ್ಯತ್ಯಾಸ. ಅದನ್ನು ಸರಿಮಾಡಿದ ಮೇಲೆ ಮೊದಲ ಪುಟ ಬಂತು. ಆದರೆ ಜ್ಯಾಂಗೋಗೆ ತಾನು '/ಸ್ಟಾಕ್/' ಕೆಳಗೆ ಕೂತಿದ್ದೇನೆ ಅಂತ ಗೊತ್ತಿಲ್ಲ. ಅದು ಸುಮ್ನೆ '/ಲಾಗಿನ್/'ಗೆ ಹೋಗು ಅನ್ನುತ್ತೆ, ಬ್ರೌಸರ್ ನೇರ ಅಂಗಡಿಯ ವೆಬ್‌ಸೈಟಿಗೆ ಹೋಗಿ 404 (ಪುಟ ಸಿಗಲಿಲ್ಲ) ಎರರ್ ತರುತ್ತೆ. ಪುಟದ ಅಂದಚೆಂದ ನೋಡುವ ಸಿಎಸ್‌ಎಸ್ ಫೈಲಿನ ಕಥೆಯೂ ಅದೇ. ಇದನ್ನೆಲ್ಲ ಸೆಟ್ಟಿಂಗ್‌ನಲ್ಲಿ ಸರಿಮಾಡಬಹುದು. ಆದರೂ ನನಗೆ ಒಂದು ವಿಷಯ ಇಷ್ಟವಾಗಲಿಲ್ಲ: ಡೊಮೇನ್ ಒಂದೇ ಆದ್ದರಿಂದ ಸ್ಟಾಕ್‌ನ ಲಾಗಿನ್ ಕುಕಿ (ಲಾಗಿನ್ ಆದವರನ್ನು ಗುರುತಿಸಲು ಬ್ರೌಸರ್ ಇಟ್ಟುಕೊಳ್ಳುವ ಚೀಟಿ) ಅಂಗಡಿಯ ಆಪ್‌ಗೂ ಹೋಗುತ್ತಿತ್ತು.

ಕೊನೆಗೆ ಸಬ್‌ಡೊಮೇನ್ ದಾರಿ ಹಿಡಿದೆ, ಅಂದರೆ ಡೊಮೇನ್ ಹೆಸರಿನ ಮುಂದೆ ಇನ್ನೊಂದು ಹೆಸರು ಸೇರಿಸುವುದು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಭಾಷೆಯಾದ ಎಚ್‌ಟಿಟಿಪಿ 1.1ರಲ್ಲಿ ಪ್ರತಿ ರಿಕ್ವೆಸ್ಟ್ ಜೊತೆ ಹೋಸ್ಟ್ ಅನ್ನುವ ಸಾಲು ಇರಲೇಬೇಕು, ಬ್ರೌಸರಿನಲ್ಲಿ ಟೈಪ್ ಮಾಡಿದ ಹೆಸರು ಅದರಲ್ಲೇ ಇರುತ್ತೆ. ಎಂಜಿನ್‌ಎಕ್ಸ್ ಆ ಹೆಸರು ನೋಡಿ ಸರಿಯಾದ ಸರ್ವರ್ ಬ್ಲಾಕ್ (ಅದರ ಸೆಟ್ಟಿಂಗ್ ಫೈಲಿನಲ್ಲಿ ಒಂದು ಹೆಸರಿಗೆ ಬರೆದ ಭಾಗ) ಆರಿಸುತ್ತೆ. ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಐಪಿ ಹುಡುಕಿಕೊಡುವ ವ್ಯವಸ್ಥೆ) ಸ್ಟಾಕ್, ಚಾಟ್ ಅಂತ ಎರಡು ಎ ರೆಕಾರ್ಡ್ (ಹೆಸರಿಗೆ ಐಪಿ ಕೊಡುವ ನಮೂದು) ಹಾಕಿ, ಎರಡಕ್ಕೂ ಅದೇ ಐಪಿ ಕೊಟ್ಟೆ. ಒಂದೊಂದು ಹೆಸರಿಗೆ ಒಂದೊಂದು ಬ್ಲಾಕ್. ಆಪ್‌ಗಳ ಒಳಗೆ ಲಿಂಕ್ ಒಂದನ್ನೂ ಮುಟ್ಟಬೇಕಾಗಲಿಲ್ಲ. ಎಚ್‌ಟಿಟಿಪಿಎಸ್‌ಗೆ ಸರ್ಟಿಫಿಕೇಟ್ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ 90 ದಿನದ ಉಚಿತ ಸರ್ಟಿಫಿಕೇಟನ್ನು ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ತಾನೇ ತಂದು, ತಾನೇ ನವೀಕರಿಸುತ್ತೆ.

ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ, ಹೋಸ್ಟ್‌ನಂಥ ಸಾಲುಗಳು) ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ ಇರಲಿ. ನೀವು ಹೇಳದಿದ್ದರೆ ಎಂಜಿನ್‌ಎಕ್ಸ್ ಗಿರಾಕಿ ಕೇಳಿದ ಹೆಸರನ್ನು ಒಳಗೆ ಕಳಿಸಲ್ಲ, ಪ್ರಾಕ್ಸಿ ಪಾಸ್‌ನಲ್ಲಿ ಬರೆದ 127.0.0.1:8000 (127.0.0.1 ಅಂದರೆ ಸರ್ವರ್ ತನ್ನನ್ನು ತಾನೇ ಕರೆಯುವ ವಿಳಾಸ) ಅನ್ನೇ ಹೋಸ್ಟ್ ಅಂತ ಕಳಿಸುತ್ತೆ. ಅನುಮತಿ ಪಟ್ಟಿಯಲ್ಲಿ ಆ ಹೆಸರಿಲ್ಲ ಅಂತ ಜ್ಯಾಂಗೋ 400 (ರಿಕ್ವೆಸ್ಟ್ ಸರಿಯಿಲ್ಲ) ಎರರ್ ಕೊಟ್ಟಿತು. ಹೋಸ್ಟ್ ಹೆಡರ್ ಸೇರಿಸಿದ ಮೇಲೆ ಇನ್ನೊಂದು ತೊಂದರೆ. ಎಚ್‌ಟಿಟಿಪಿಎಸ್‌ಗೇ ಹೋಗು ಅಂತ ಜ್ಯಾಂಗೋ ಕಳಿಸುತ್ತೆ, ಬ್ರೌಸರ್ ಅಲ್ಲಿಂದಲೇ ಬಂದಿರುತ್ತೆ, ಒಳಗಿನ ದಾರಿ ಬರೀ ಎಚ್‌ಟಿಟಿಪಿ ಆದ್ದರಿಂದ ಜ್ಯಾಂಗೋಗೆ ಅದು ಗೊತ್ತಾಗದೆ ಮತ್ತೆ ಕಳಿಸುತ್ತೆ, ಹೀಗೇ ಸುತ್ತುತ್ತಿತ್ತು. ಬ್ರೌಸರ್ ಬಂದದ್ದು ಎಚ್‌ಟಿಟಿಪಿಎಸ್‌ನಲ್ಲೇ ಅಂತ ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್ ಕಳಿಸಿ, ಅದನ್ನು ನಂಬು ಅಂತ ಜ್ಯಾಂಗೋಗೂ ಹೇಳಿದ ಮೇಲೆ ನಿಂತಿತು.

ಚಾಟ್‌ಗೆ ವೆಬ್‌ಸಾಕೆಟ್ (ಎರಡೂ ಕಡೆಯಿಂದ ಮಾತಾಡಲು ತೆರೆದೇ ಇರುವ ಲೈನ್) ಬೇಕು, ಅದಕ್ಕೆ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್ ಬೇರೆಯಾಗಿ ಕೊಡಬೇಕು. ಕೊಟ್ಟೆ. ಆದರೆ ಯಾರೂ ಮಾತಾಡದೆ ಒಂದು ನಿಮಿಷ ಆದರೆ ಲೈನ್ ಕಟ್. ಎಂಜಿನ್‌ಎಕ್ಸ್‌ನಲ್ಲಿ ರೀಡ್ ಟೈಮ್‌ಔಟ್ (ಆಪ್ ಏನಾದರೂ ಕಳಿಸುತ್ತಾ ಅಂತ ಕಾಯುವ ಸಮಯ) ಡೀಫಾಲ್ಟ್ 60 ಸೆಕೆಂಡ್ ಇರುತ್ತೆ, ಅದನ್ನು ಒಂದು ಗಂಟೆ ಮಾಡಿದೆ. ಹಾಗೇ ಫೋಟೊ ಅಪ್‌ಲೋಡ್ 1 ಎಂಬಿ ದಾಟಿದರೆ 413 (ಕಳಿಸಿದ್ದು ತೀರಾ ದೊಡ್ಡದು) ಎರರ್ ಬರುತ್ತೆ. ಈಗಿನ ಫೋನಿನ ಫೋಟೊ ಅದಕ್ಕಿಂತ ಜಾಸ್ತಿನೇ, ಮಿತಿಯನ್ನು 10 ಎಂಬಿ ಇಟ್ಟೆ.

ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಹೊರಗಿನವರು ನೇರ ತಲುಪದ ಹಾಗೆ ಆಪ್‌ಗಳನ್ನು 127.0.0.1ರಲ್ಲಿ ಮಾತ್ರ ನಡೆಸಿ, ಇಲ್ಲದಿದ್ದರೆ ಮುಂದಿನ ಬಾಗಿಲು ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ. ಡಾಕರ್ (ಆಪ್‌ಗಳನ್ನು ಡಬ್ಬಿಯಲ್ಲಿಟ್ಟ ಹಾಗೆ ಬೇರೆಬೇರೆಯಾಗಿ ನಡೆಸುವ ಸಾಫ್ಟ್‌ವೇರ್) ಬಳಸುವವರು ಪೋರ್ಟ್ ಮುಂದೆಯೂ ಈ ಐಪಿ ಬರೆಯಿರಿ, ಇಲ್ಲದಿದ್ದರೆ ಡಾಕರ್ ಸರ್ವರ್‌ನ ಯುಎಫ್‌ಡಬ್ಲ್ಯೂ (ufw) ಫೈರ್‌ವಾಲನ್ನು ದಾಟಿ ಪೋರ್ಟ್ ತೆರೆದುಬಿಡುತ್ತೆ. ಗೊತ್ತಿಲ್ಲದ ಹೆಸರಿನಲ್ಲಿ ಬಂದ ರಿಕ್ವೆಸ್ಟ್ ಮೊದಲು ಸಿಕ್ಕ ಬ್ಲಾಕಿಗೆ ಹೋಗುತ್ತೆ, ನಮ್ಮಲ್ಲಿ ಅದು ಚಾಟ್ ಆಗಿತ್ತು. ಅದಕ್ಕೆ ಬೇರೆ ಡೀಫಾಲ್ಟ್ ಬ್ಲಾಕ್ ಮಾಡಿ 444 ಕೊಡಿಸಿದೆ, ಉತ್ತರ ಕೊಡದೆ ಕನೆಕ್ಷನ್ ಮುಚ್ಚುತ್ತೆ.

ಮರುದಿನ ಕಂಟ್ರಾಕ್ಟರ್ ಆಫೀಸಿನಿಂದಲೇ ಸಿಮೆಂಟ್ ರೇಟು ನೋಡಿ ಆರ್ಡರ್ ಕಳಿಸಿದರು. ಭಾವ ಈಗ ಬಿಲ್ಲಿಂಗ್ ಆಪ್ ಕೇಳುತ್ತಿದ್ದಾರೆ, ಅದಕ್ಕೆ 7000 ಪೋರ್ಟ್ ಎತ್ತಿಟ್ಟಿದ್ದೇನೆ.